ಮತ್ತೊಮ್ಮೆ ಹೇಳು

ನನ್ನ ಎದುರಿಗೆ ಜನ ಗುಟ್ಟು ಮಾತಾಡುತ್ತಾರೆ. ಗೋಡೆಗೂ ಕಿವಿ ಇರುತ್ತದೆ ಎಂದು ಹೆದರುವವರು ಕೂಡ ನನಗೆ ಹೆದರುವುದಿಲ್ಲ. ಹುಟ್ಟುವಾಗ ಉಸಿರು ಕಟ್ಟಿ ನನ್ನ ಮೆದುಳಿಗೆ ಪೆಟ್ಟಾಯಿತಂತೆ. ಅದಕ್ಕೇ ಕೈ ಒಂದು ಕಡೆಗೆ, ಕತ್ತು ಒಂದು ಕಡೆಗೆ ಎಳೆಯುತ್ತವೆ, ನಾಲಿಗೆ ಹೊರಳುವುದಕ್ಕೆ ಹೊತ್ತು ಹಿಡಿಯುತ್ತದೆ. ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀವು ಚಹಾ ಕುಡಿದು ಲೋಟ ತೊಳೆದಿಡಬಹುದು. ನಾಲಿಗೆ ನಿಧಾನ ಅಂದಮೇಲೆ ಬುದ್ಧಿಯೂ ನಿಧಾನವೇ ಇರಬೇಕು ಎಂದು ಊರು ತೀರ್ಮಾನ ಮಾಡಿಬಿಟ್ಟಿದೆ. ತಲೆಯೊಳಗೆ ಮಾತು ಎಷ್ಟು ಜೋರಾಗಿ ಓಡುತ್ತದೆ ಎಂಬುದು ನಿಮಗೆ ಈಗ ತಿಳಿಯುತ್ತಿದೆಯಲ್ಲ, ಅದು ನಾನು ಒಂದೇ ಬೆರಳಿನಲ್ಲಿ ಮೊಬೈಲು ಒತ್ತಿ ಒತ್ತಿ ಬರೆಯುತ್ತಿರುವುದರಿಂದ.

ದಾವಣಗೆರೆಯಲ್ಲಿ ಅಂಗವಿಕಲರ ಸಮಾವೇಶ ಇದ್ದ ದಿನ ಬೆಳಿಗ್ಗೆಯೂ ಅದೇ ಆಯಿತು. ಸಾರಥಿ ಎಂಬ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ನನಗೆ ತಲೆ ಬಾಚುತ್ತಿದ್ದಳು. ಅಣ್ಣ ಯೋಗರಾಜ್ ಒಳಗೂ ಹೊರಗೂ ಓಡಾಡುತ್ತಿದ್ದ. ಅವನು ಪಂಚಾಯಿತಿಯ ನೀರಗಂಟಿ, ಊರಿನ ನಲ್ಲಿಗಳಿಗೆ ನೀರು ಬಿಡುವವನು. ಕೆಲಸ ಇನ್ನೂ ಕಾಯಂ ಆಗಿಲ್ಲ.

“ನಿನ್ನೆ ಪಂಚಾಯ್ತಿಗೆ ಕರೆಸಿದ್ರವ್ವ,” ಅಂದ. “ತಾಲ್ಲೂಕಿಂದ ಫೋನ್ ಬಂದಿತ್ತಂತೆ. ನಿನ್ ತಂಗಿ ನಾಳೆ ದಾವಣಗೆರೆಯಾಗೆ ಸಾಹೇಬ್ರ ಮ್ಯಾಲೆ ಏನಾರ ಅಂದ್ಲೋ, ವಾಲ್ವ್ ತಿರುಗ್ಸಾಕೆ ಬೇರೆಯವನ್ನ ನೋಡ್ಕೊಂತೀವಿ ಅಂದ್ರು.”

ಅವ್ವನ ಬಾಚಣಿಗೆ ನಿಂತಿತು. “ಆಕಿಗೆ ಹೇಳಿದ್ಯಾ?”

“ಆಕಿಗೇನ್ ಹೇಳೋದು? ಆ ರೂಪಾ ಮೇಡಂಗೆ ನೀನೇ ಹೇಳು. ಮೈಕ್‌ನಾಗೆ ಮಾತಾಡೋರು ಅವ್ರಲ್ಲೇನು?”

ಇಷ್ಟನ್ನೂ ನನ್ನ ನೆತ್ತಿಯ ಮೇಲೆಯೇ ಮಾತಾಡಿದರು. ನಾನು ಕತ್ತು ತಿರುಗಿಸಿ, “ಅಣ್ಣಾ, ನನಗೇ ಹೇಳು” ಅಂದೆ. ಅವನು “ಹೂಂ ಹೂಂ, ಆತು ಆತು” ಎಂದು ತಲೆಯಾಡಿಸಿ ಗಾಡಿ ತರಲು ಹೋದ.

ನಾನು ಏನು ಹೇಳಿದರೂ ಅಣ್ಣನ ಉತ್ತರ ಅದೇ. ನೀರು ಕೇಳಿದರೂ ಹೂಂ, ನಿನ್ನ ಅಂಗಿ ತಿರುವುಮುರುವಾಗಿದೆ ಎಂದರೂ ಹೂಂ. ಅವನಿಗೆ ನನ್ನ ಮಾತು ಅರ್ಥವಾಗುವುದಿಲ್ಲ, ಅರ್ಥವಾಗಲಿಲ್ಲ ಎಂದು ಹೇಳುವುದಕ್ಕೆ ಪುರುಸೊತ್ತಿಲ್ಲ. ಕೆಟ್ಟವನಲ್ಲ. ನನ್ನನ್ನು ಎತ್ತಿ ಗಾಡಿಯಲ್ಲಿ ಕೂರಿಸುವಾಗ ಒಂದು ಸಲವೂ ನೋವು ಮಾಡಿದವನಲ್ಲ. ಆದರೂ ತಲೆಯಾಡಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬೈಯುವವರೇ ಎಷ್ಟೋ ವಾಸಿ.

ಅವ್ವ ಹಾಗಲ್ಲ. ನಾನು ಸಣ್ಣವಳಿದ್ದಾಗ ಹರಿಹರದ ಸಂತೆಯಲ್ಲಿ ಒಬ್ಬ ಅಂಗಡಿಯವನ ಮುಂದೆ ನಾನೇ ಬಾಯಿಬಿಟ್ಟು ಕಡಲೆ ಮಿಠಾಯಿ ಕೇಳಿದ್ದೆ. ಅವನು ಚೆನ್ನಾಗಿ ತಲೆಯಾಡಿಸಿ ಪೆಪ್ಪರಮಿಂಟು ಕೊಟ್ಟ. ನಾನು ಅದನ್ನು ಬಾಯಿಗೆ ಹಾಕಿಕೊಂಡೂ ಆಗಿತ್ತು. ಅವ್ವ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ವಾಪಸ್ಸು ಹೋಗಿ, “ಆಕಿ ಕೇಳಿದ್ದು ಇದಲ್ಲ” ಅಂದಳು. “ಎರಡೂ ಸಿಹಿನೇ ಅಲ್ಲೇನವ್ವ, ಬಿಡು” ಅಂದ ಅವನು. “ಸಿಹಿ ಇರ್ಲಿ ಕಹಿ ಇರ್ಲಿ, ಆಕಿ ಕೇಳಿದ್ದು ಇದಲ್ಲ.” ಕಡಲೆ ಮಿಠಾಯಿ ಕೈಗೆ ಬರುವ ತನಕ ಅವಳು ಅಲ್ಲಿಂದ ಕದಲಲಿಲ್ಲ.

ಆ ಅವ್ವನೇ ಇವತ್ತು ಗಾಡಿಯ ಹಿಂಬದಿಯಲ್ಲಿ, ನನ್ನ ಗಾಲಿಕುರ್ಚಿಯನ್ನು ಹಿಡಿದುಕೊಂಡು, ನನ್ನ ಮುಖ ನೋಡದೆ ಕೂತಿದ್ದಳು.

ನಾನು ಹೇಳಬೇಕೆಂದಿದ್ದು ಅಂಥ ಘನಂದಾರಿ ಮಾತೇನೂ ಅಲ್ಲ. ಅಂಗವಿಕಲರ ಕಾರ್ಡುಗಳನ್ನೆಲ್ಲ ಮತ್ತೆ ಪರಿಶೀಲಿಸುತ್ತೇವೆ ಎಂದು ಒಂದು ಶಿಬಿರ ಮಾಡಿದರು. ಶಿಬಿರ ಇಟ್ಟಿದ್ದು ಮಹಡಿಯ ಮೇಲೆ. ಲಿಫ್ಟ್ ಇಲ್ಲ. ಕುಂಟರು, ಕುರುಡರು, ನನ್ನಂಥವರು ಎಲ್ಲ ಬರುವ ಜಾಗಕ್ಕೆ ಮೆಟ್ಟಿಲು! ಅಣ್ಣ ಆ ದಿನ ಕೆಲಸದ ಮೇಲಿದ್ದ. ಅವ್ವ ನನ್ನನ್ನು ಬೆನ್ನಿಗೆ ಹಾಕಿಕೊಂಡು, ಗೋಡೆ ಹಿಡಿದು ಹಿಡಿದು ಹತ್ತಿದಳು. ಮೇಲೆ ಕುಳಿತಿದ್ದ ಶಿಬಿರದ ಅಧಿಕಾರಿ ಹನುಮೇಶ್ ಸಾಹೇಬರು ತಲೆ ಎತ್ತದೆ, “ಮೇಲೆ ಹೆಂಗ್ ಬಂದ್ರಿ?” ಎಂದು ಕೇಳಿದರು. “ಹತ್ತಿ ಬಂದ್ವಿ ಸಾಮಿ” ಅಂದಳು ಅವ್ವ. ಮೆಟ್ಟಿಲು ಹತ್ತುತ್ತಾಳೆ, ಸ್ಥಿತಿ ಸುಧಾರಿಸಿದೆ ಎಂದು ಬರೆದರು. ನನ್ನ ಮಾಸಾಶನ ನಿಂತಿತು. ನನ್ನೊಬ್ಬಳದಲ್ಲ, ಆ ದಿನ ಯಾರದೋ ಬೆನ್ನೇರಿ ಬಂದವರೆಲ್ಲರೂ ಸುಧಾರಿಸಿದ್ದರು. ಅಂಥ ಪವಾಡ ನಮ್ಮ ಕಡೆಯ ಯಾವ ಮಠದಲ್ಲೂ ಆಗಿಲ್ಲ.

ಇದನ್ನು ನಾಲ್ಕು ಜನರ ಮುಂದೆ ಹೇಳಬೇಕು, ಅಷ್ಟೇ. ಮೊಬೈಲಿನಲ್ಲಿ ಬರೆದು ಓದಿಸಬಹುದಲ್ಲ ಎಂದು ಬುದ್ಧಿವಂತರು ಕೇಳುತ್ತಾರೆ. ಓದಿಸಿ ನೋಡಿದ್ದೇನೆ. ಆ ಯಂತ್ರದ ಹೆಂಗಸು ನನ್ನ ಸಿಟ್ಟನ್ನು ಕೂಡ ಹರಿಹರ ಸ್ಟೇಷನ್ನಿನಲ್ಲಿ ರೈಲು ತಡವಾಗಿದೆ ಎಂದು ಹೇಳುವ ಹಾಗೆ ಹೇಳುತ್ತಾಳೆ. ನನ್ನ ಮಾತಿಗೆ ನನ್ನದೇ ಗಂಟಲು ಬೇಕು. ಅದು ತಿಳಿಯದವರಿಗೆ ರೂಪಕ್ಕ ಇದ್ದಾಳೆ.

ರೂಪಕ್ಕ ಅಂದರೆ ರೂಪಶ್ರೀ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯವಳು, ಅಂಗಡಿ ಗೋದಾಮು ಇರುವ ಮನೆತನದವಳು. ಪೋಲಿಯೊದಿಂದ ಒಂದು ಕಾಲು ಸಣ್ಣ, ಕಂಕುಳಲ್ಲಿ ಊರುಗೋಲು. ಸರ್ಕಾರಿ ಶಾಲೆಗಳಲ್ಲಿ ನಮ್ಮಂಥ ಮಕ್ಕಳಿಗೆ ಕಲಿಸುವ ಗುತ್ತಿಗೆ ಕೆಲಸ. ಹರಿಹರದಲ್ಲಿ ಪಿ.ಬಿ. ರಸ್ತೆಯ ಪಕ್ಕದ ಒಂದು ಹಳೆ ಗೋದಾಮಿನಲ್ಲಿ ಪ್ರತಿ ತಿಂಗಳೂ ನಮ್ಮ ಒಕ್ಕೂಟದ ಸಭೆ ನಡೆಸುವವಳು ಅವಳೇ. ಅಲ್ಲಿ ಅವಳು ಮಾಡಿದ್ದು ಒಂದೇ ಕಟ್ಟಳೆ: ಯಾರ ಮಾತು ಅರ್ಥವಾಗದಿದ್ದರೂ ತಲೆಯಾಡಿಸಬಾರದು, ‘ಮತ್ತೊಮ್ಮೆ ಹೇಳು’ ಅನ್ನಬೇಕು. ಎಷ್ಟು ಸಲವಾದರೂ ಸರಿ. ಮೊದಮೊದಲು ನನ್ನ ಒಂದು ಮಾತಿಗೆ ಇಡೀ ಗೋದಾಮು ‘ಮತ್ತೊಮ್ಮೆ ಹೇಳು’ ಎಂದು ಕೂಗುತ್ತಿತ್ತು. ನನಗೆ ಅಳು ಬರುತ್ತಿತ್ತು. ಆಮೇಲೆ ಆಮೇಲೆ ಕೂಗುವವರು ಕಡಿಮೆಯಾದರು. ಕಣ್ಣು ಕಾಣದ ಅಂಜಿನಪ್ಪಜ್ಜ ಈಗ ನನ್ನ ಜೊತೆ ಜಗಳವನ್ನೇ ಆಡುತ್ತಾನೆ. ಹೊರಗಿನವರು ಇರುವ ಸಭೆಗಳಲ್ಲಿ ಮಾತ್ರ ರೂಪಕ್ಕ ನನ್ನ ಪಕ್ಕದಲ್ಲಿ ನಿಂತು, ನಾನು ಹೇಳಿದ್ದನ್ನು ಮೈಕಿನಲ್ಲಿ ತಿರುಗಿ ಹೇಳುತ್ತಾಳೆ.

ಹರಿಹರದಲ್ಲಿ ಅಂಜಿನಪ್ಪಜ್ಜನನ್ನು ಹತ್ತಿಸಿಕೊಂಡೆವು. ಬಾತಿ ದಾಟುವಾಗ ಅಣ್ಣನ ಫೋನು ಹೊಡೆದುಕೊಂಡಿತು. ಸ್ಪೀಕರಿಗೆ ಹಾಕಿದ. ಆಚೆಯಿಂದ ರೂಪಕ್ಕ, ದಮ್ಮು ಕಟ್ಟಿದ ದನಿ.

“ಯೋಗರಾಜ್, ಭವನಕ್ಕೆ ಬರಬ್ಯಾಡ್ರಿ. ಬೀಗ ಹಾಕ್ಯಾರೆ. ಕೇಳಿದ್ರೆ ರಿಪೇರಿ ಅಂತಾರೆ. ನಮ್ಮ ಅಪ್ಪಾಜಿ ಕಲ್ಯಾಣ ಮಂಟಪ ಐತಲ್ಲ, ಸೀದಾ ಅಲ್ಲಿಗೇ ಬಂದ್ಬಿಡ್ರಿ.”

ಇದು ಎರಡನೆಯ ಜಾಗ ತಪ್ಪಿದ್ದು. ಮೊದಲಿನದಕ್ಕೂ ಹೀಗೇ, ಹಿಂದಿನ ವಾರ, ರಿಪೇರಿ ಬಂದಿತ್ತು. ನಮ್ಮ ಸಮಾವೇಶ ಅಂದ ಕೂಡಲೇ ದಾವಣಗೆರೆಯ ಕಟ್ಟಡಗಳಿಗೆಲ್ಲ ಬಿರುಕು ಬೀಳುತ್ತಿತ್ತು. ಅಣ್ಣ ಫೋನು ಇಟ್ಟು ಒಂದು ನಿಮಿಷವಾಗಿಲ್ಲ, ಮತ್ತೆ ಹೊಡೆದುಕೊಂಡಿತು. ಈ ಸಲ ಪಂಚಾಯಿತಿ. “ಹೂಂರಿ, ಹೂಂರಿ, ಆತ್ರಿ” ಎಂದ. ಅವರಿಗೂ ಅದೇ ಉತ್ತರ ಎಂದು ನನಗೆ ಒಂದು ಗಳಿಗೆ ಖುಷಿಯಾಯಿತು. ಆದರೆ ಅವನ ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು. ನನ್ನ ಕೈ ಕುರ್ಚಿಯ ತೋಳಿಗೆ ಬಡಿದುಕೊಳ್ಳತೊಡಗಿತು. ಹೆದರಿಕೆಯಾದರೆ ನನ್ನ ಕೈ ನನಗಿಂತ ಮೊದಲು ಹೇಳುತ್ತದೆ.

ಮಂಟಪದ ಬಾಗಿಲಲ್ಲಿ ರೂಪಕ್ಕನ ತಂದೆ ಶಿವಮೂರ್ತಪ್ಪನವರು ನಿಂತಿದ್ದರು, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಬೀಗದ ಗೊಂಚಲು. ಬರುವವರಿಗೆಲ್ಲ “ಬರ್ರಿ ಬರ್ರಿ, ನಾಷ್ಟ ಮಾಡ್ರಿ” ಅನ್ನುತ್ತಿದ್ದರು. ಮಗಳಿಗೆ ಮಾತ್ರ ಬೇರೆ ಮಾತು. “ನಂಗೂ ಫೋನ್ ಬರಾಕತ್ಯಾವೆ ರೂಪಾ. ಮಂಟಪ ಕೊಟ್ಟೀನಿ, ಇಲ್ಲ ಅನ್ನಲ್ಲ. ಹೆಸರು ಹಿಡಿದು ಯಾರನ್ನೂ ಬೈಸಬ್ಯಾಡ. ನಾಳೆ ಈ ಊರಾಗೇ ವ್ಯಾಪಾರ ಮಾಡ್ಬೇಕು ನಾನು.”

ಒಳಗೆ ಹಿಂದಿನ ದಿನದ ಮದುವೆಯ ಅಲಂಕಾರ ಇನ್ನೂ ಬಿಚ್ಚಿರಲಿಲ್ಲ. ವೇದಿಕೆಯ ಹಿಂದೆ ಥರ್ಮೋಕೋಲಿನಲ್ಲಿ ಯಾರದೋ ಜೋಡಿ ಹೆಸರು, ಅದರ ಮೇಲೆ ನಮ್ಮ ‘ಅಂಗವಿಕಲರ ಹಕ್ಕುಗಳ ಜಿಲ್ಲಾ ಸಮಾವೇಶ’ದ ಬ್ಯಾನರನ್ನು ವಾರೆಯಾಗಿ ಕಟ್ಟಿದ್ದರು. ಕುರ್ಚಿಗಳೂ ಅವೇ, ಕೆಂಪು ಮಖಮಲ್ಲಿನ ಎರಡು ದೊಡ್ಡ ಸಿಂಹಾಸನ. ಹನುಮೇಶ್ ಸಾಹೇಬರನ್ನೇ ಉದ್ಘಾಟನೆಗೆ ಕರೆಯಬೇಕು ಎಂಬ ಷರತ್ತಿನ ಮೇಲೆ ಪೊಲೀಸ್ ಅನುಮತಿ ಸಿಕ್ಕಿತ್ತು. ಮದುಮಗನ ಕುರ್ಚಿ ಅವರಿಗೆ ಮೀಸಲಾಗಿತ್ತು.

ಊಟದ ಮನೆಯ ಓಣಿಯಲ್ಲಿ ಅವ್ವ ನನ್ನ ಕುರ್ಚಿ ನಿಲ್ಲಿಸಿ ನೀರು ತರಲು ಹೋದಳು. ಅಲ್ಲಿಗೇ ಸಾಹೇಬರು ರೂಪಕ್ಕನನ್ನು ಕರೆದುಕೊಂಡು ಬಂದರು. ನಾನು ಅಲ್ಲೇ, ಒಂದು ಮಾರು ದೂರದಲ್ಲಿದ್ದೆ. ಅಲ್ಲೇ ಇದ್ದ ಎಲೆಯ ಕಟ್ಟುಗಳಿಗೂ ನನಗೂ ಅವರು ವ್ಯತ್ಯಾಸ ಮಾಡಲಿಲ್ಲ.

“ಆ ಹುಡುಗಿ ಮಾತಾಡ್ಲಿ ಮೇಡಂ, ನಂದೇನು ಅಬ್ಜೆಕ್ಷನ್ ಇಲ್ಲ,” ಅಂದರು ಸಾಹೇಬರು, ದನಿ ಬೆಣ್ಣೆ. “ಯಾರಿಗೆ ಅರ್ಥ ಆಗುತ್ತೆ? ಮೈಕ್‌ನಲ್ಲಿ ಬರೋದು ನಿಮ್ಮ ಮಾತು ತಾನೇ. ಸ್ವಲ್ಪ ನೋಡ್ಕೊಳ್ರಿ. ನಿಮ್ಮ ಗುತ್ತಿಗೆ ರಿನೀವಲ್ ಕೂಡ ಈ ತಿಂಗಳೇ ಅಲ್ವಾ?”

ಸಾಹೇಬರು ಕೈ ಮುಗಿದು ವೇದಿಕೆಯ ಕಡೆ ಹೋದರು. ಹೋಗುವಾಗ ನನ್ನ ತಲೆ ಸವರಿ ಹೋದರು, ಬೇರೆ!

ಅವ್ವ ನೀರಿನ ಲೋಟ ಹಿಡಿದು ಬಂದಳು. ಲೋಟವನ್ನು ನನ್ನ ಬಾಯಿಗೆ ಹಿಡಿದುಕೊಂಡೇ ರೂಪಕ್ಕನಿಗೆ ಹೇಳಿದಳು. “ರೂಪಮ್ಮಾ, ನಮ್ ಹುಡುಗನ ಕೆಲ್ಸದ ಮ್ಯಾಲೆ ಬಂದೈತ್ರಿ. ಒಂದೀಟು ಮೆತ್ತಗೆ ಹೇಳ್ರಿ. ನಿಮ್ ಕಾಲಿಗೆ ಬೀಳ್ತೀನಿ.” ನೀರು ನನ್ನ ಗದ್ದದ ಮೇಲೆ ಇಳಿದು ಎದೆಗೆ ಬಂತು. ಅವ್ವ ನೋಡಲೂ ಇಲ್ಲ.

ನಾನು ಲೋಟವನ್ನು ತಲೆಯಿಂದ ತಳ್ಳಿದೆ. “ಅಕ್ಕಾ,” ಅಂದೆ, “ನಾನು ಹೇಳಿದ್ದನ್ನೇ ಹೇಳುತ್ತೀ ತಾನೆ?”

ರೂಪಕ್ಕ ನನ್ನ ಕಡೆ ನೋಡಿದಳು. ಆಮೇಲೆ ತಲೆಯಾಡಿಸಿದಳು.

ಆ ಕಟ್ಟಳೆ ಮಾಡಿದವಳೇ ತಲೆಯಾಡಿಸಿದಳು.

ದೀಪ ಹಚ್ಚುವುದು, ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಮುಗಿಯುವ ಹೊತ್ತಿಗೆ ಮಂಟಪ ತುಂಬಿತ್ತು. ಊರುಗೋಲುಗಳು ಕುರ್ಚಿಗಳ ನಡುವೆ ಸದ್ದು ಮಾಡುತ್ತಿದ್ದವು. ಇಬ್ಬರು ಪೊಲೀಸರು ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರು, ಮಧ್ಯಾಹ್ನದೊಳಗೆ ಖಾಲಿ ಮಾಡಬೇಕಂತೆ. ಸಾಹೇಬರು ತಮ್ಮ ಭಾಷಣದಲ್ಲಿ ನಮ್ಮನ್ನು ದೇವರ ಮಕ್ಕಳು ಅಂದರು. ದೇವರ ಮಕ್ಕಳಿಗೆ ಮೆಟ್ಟಿಲು ಯಾಕಿಟ್ಟಿರಿ ಎಂದು ಅಲ್ಲೇ ಕೂಗಬೇಕೆನಿಸಿತು. ಆದರೆ ನನ್ನ ಕೂಗು ಹೊರಗೆ ಬರುವ ಹೊತ್ತಿಗೆ ಅವರು ಮದುಮಗನ ಕುರ್ಚಿಯಲ್ಲಿ ಕೂತು ನೀರು ಕುಡಿಯುತ್ತಿದ್ದರು.

ನನ್ನ ಸರದಿ ಬಂತು. ನಾನು ವೇದಿಕೆ ಹತ್ತುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಹತ್ತಿದರೆ ಇನ್ನಷ್ಟು ಸುಧಾರಿಸಿದ್ದಾಳೆ ಎಂದು ಬರೆದಾರು! ಕೆಳಗೇ, ಮೊದಲ ಸಾಲಿನ ಮುಂದೆ, ಜನರ ಕಡೆ ಮುಖ ಮಾಡಿ ಕೂತೆ. ಪಕ್ಕದಲ್ಲಿ ಮೈಕು ಹಿಡಿದು ರೂಪಕ್ಕ. ಮೊದಲ ಸಾಲಿನಲ್ಲೇ ಅವ್ವ, ಅವಳ ಪಕ್ಕ ಅಂಜಿನಪ್ಪಜ್ಜ. ಅಣ್ಣ ಹಿಂದೆ ಬಾಗಿಲ ಹತ್ತಿರ, ಕೈಯಲ್ಲಿ ಫೋನು.

“ನನ್ನ ಹೆಸರು ಬಿಂದು. ಊರು ಸಾರಥಿ,” ಅಂದೆ. ರೂಪಕ್ಕ ಅಂದಳು.

“ಶಿಬಿರ ಮಹಡಿಯ ಮೇಲೆ ಇಟ್ಟಿದ್ದರು. ನನ್ನ ಅವ್ವ ನನ್ನನ್ನು ಬೆನ್ನ ಮೇಲೆ ಹೊತ್ತು ಹತ್ತಿದಳು.” ಇದಕ್ಕೆ ಬಹಳ ಹೊತ್ತು ಹಿಡಿಯಿತು. ಸಾಹೇಬರು ಹಿಂದೆ ಕೆಮ್ಮಿದರು. ರೂಪಕ್ಕ ಅದನ್ನೂ ಹೇಳಿದಳು, ದನಿ ಸ್ವಲ್ಪ ಇಳಿದಿತ್ತು.

ಆಮೇಲೆ ನಾನು ಹೇಳಿದೆ, ಒಂದೊಂದೇ ಅಕ್ಷರ ಎತ್ತಿ ಇಟ್ಟು. “ಮೆಟ್ಟಿಲು ಹತ್ತುತ್ತಾಳೆ, ಸುಧಾರಿಸಿದ್ದಾಳೆ ಎಂದು ಬರೆದರು. ಬರೆದವರು ಇಲ್ಲೇ, ಮದುಮಗನ ಕುರ್ಚಿಯ ಮೇಲೆ ಕೂತಿದ್ದಾರೆ.”

ರೂಪಕ್ಕನ ಊರುಗೋಲು ನೆಲದ ಮೇಲೆ ಒಮ್ಮೆ ಜಾರಿತು. ಆಮೇಲೆ ಅವಳ ದನಿ ಮಂಟಪದ ನಾಲ್ಕೂ ಮೂಲೆಯ ಸ್ಪೀಕರುಗಳಿಂದ ಬಂತು.

“ಶಿಬಿರದಲ್ಲಿ ಕೆಲವು ಸಣ್ಣಪುಟ್ಟ ಲೋಪಗಳು ಆಗಿರಬಹುದು. ಸಾಹೇಬರು ಸರಿಪಡಿಸುತ್ತಾರೆ ಎಂಬ ನಂಬಿಕೆ ನನಗಿದೆ.”

ನನಗಿದೆ! ನನ್ನ ಬಾಯಿಯಿಂದ, ನನ್ನ ಹೆಸರಿನಲ್ಲಿ, ನನಗಿದೆ. ನನಗೆ ಆಗ ಆದದ್ದು ಸಿಟ್ಟಲ್ಲ. ಬಾವಿಗೆ ಬಿದ್ದವಳಿಗೆ ಹಗ್ಗ ಹಿಡಿದವಳೇ ಕೈಬಿಟ್ಟರೆ ಹೇಗಾಗುತ್ತದೋ ಹಾಗೆ. ಕತ್ತು ತಾನಾಗಿ ಎಳೆದುಕೊಂಡಿತು, ಕಾಲು ಕುರ್ಚಿಯ ಪಟ್ಟಿಗೆ ಒದೆಯಿತು. ಹೊರಗಿನವರಿಗೆ ಅದು ನನ್ನ ಕಾಯಿಲೆಯ ಹಾಗೆಯೇ ಕಂಡಿರಬೇಕು. ಸಾಹೇಬರು ಚಪ್ಪಾಳೆ ತಟ್ಟಿದರು.

ಸಭೆಯಲ್ಲಿ ಗುಸುಗುಸು ಎದ್ದಿತು. ಅಂಜಿನಪ್ಪಜ್ಜ “ಹೆಂಗೆ? ಹೆಂಗೆ?” ಎಂದು ಕತ್ತು ಚಾಚಿದ. ಅಷ್ಟರಲ್ಲಿ ಅವನ ಪಕ್ಕದ ಕುರ್ಚಿ ಹಿಂದಕ್ಕೆ ಜರುಗಿತು.

ಅವ್ವ ಎದ್ದು ನಿಂತಿದ್ದಳು. ಮೈಕಿಲ್ಲದ ಅವಳ ದನಿ ಹಿಂದಿನ ಬಾಗಿಲಿಗೂ ಕೇಳಿಸಿತು.

“ಆಕಿ ಹೇಳಿದ್ದು ಇದಲ್ಲ.”

ರೂಪಕ್ಕ ಬಿಳಿಚಿಕೊಂಡಳು. “ರಂಗವ್ವಾ, ನೀವೇ ಅಲ್ವಾ...”

“ಹೂಂ, ನಾನೇ. ಮೆತ್ತಗೆ ಹೇಳ್ರಿ ಅಂದಿದ್ದೆ. ಬ್ಯಾರೆ ಹೇಳ್ರಿ ಅಂದಿದ್ನಾ?” ಅವ್ವ ಸಭೆಯ ಕಡೆ ತಿರುಗಿದಳು. “ನನ್ ಮಗಳು ಅಂದಿದ್ದು ಹಿಂಗೆ. ಮೆಟ್ಲು ಹತ್ತುತಾಳೆ, ಸುಧಾರಿಸ್ಯಾಳೆ ಅಂತ ಬರೆದ್ರು. ಬರೆದೋರು ಇಲ್ಲೇ ಮದುಮಗನ ಕುರ್ಚಿ ಮ್ಯಾಲೆ ಕುಂತಾರೆ. ಹತ್ತಿದ್ದು ನಾನು. ಇದು ಮಾತ್ರ ನನ್ ಮಾತು.”

ಸಾಹೇಬರು ಎದ್ದರು. “ಏನ್ರೀ ಮೇಡಂ ಇದು? ಆ ಹುಡುಗಿ ಏನಂದ್ಲು ಅಂತ ಯಾರಿಗೆ ಗೊತ್ತು? ಯಾರೋ ಏನೋ ಹೇಳಿದ್ರೆ ಆಯ್ತಾ?”

“ನಮಗ್ ಗೊತ್ತು ಸಾಮಿ,” ಅಂದ ಅಂಜಿನಪ್ಪಜ್ಜ, ಕುಳಿತಲ್ಲಿಂದಲೇ. “ತಿಂಗ್ಳಾ ತಿಂಗ್ಳಾ ಕೇಳ್ತೀವಿ. ಮದುಮಗನ ಕುರ್ಚಿ ಅಂದ್ಲು. ನಂಗೆ ಕುರ್ಚಿ ಕಾಣಲ್ಲ, ಆಕಿ ಹೇಳಿದ್ಮ್ಯಾಲೆ ಇದ್ದೇ ಇರ್ತೈತೆ.”

ಹಿಂದಿನ ಸಾಲಿನಿಂದ ಇನ್ನೊಬ್ಬರು, ಹೌದು ಅದನ್ನೇ ಅಂದಿದ್ದು ಅಂದರು. ಆಚೆ ಬದಿಯಿಂದ ಒಬ್ಬ ಹೆಂಗಸು. ಗೋದಾಮಿನ ಸಭೆಯವರೆಲ್ಲ ಅಲ್ಲಿ ಇಲ್ಲಿ ಚದುರಿ ಕೂತಿದ್ದರು. ಒಬ್ಬರಾದ ಮೇಲೊಬ್ಬರು ನನ್ನ ಮಾತನ್ನು ತಿರುಗಿ ಹೇಳಿದರು. ಒಬ್ಬರೂ ತಪ್ಪಲಿಲ್ಲ. ಸಾಹೇಬರು ಒಮ್ಮೆ ಕುರ್ಚಿಯನ್ನು ನೋಡಿದರು, ಮತ್ತೆ ಅದರಲ್ಲಿ ಕೂರಲಿಲ್ಲ. ಫೋನು ಕಿವಿಗೆ ಹಿಡಿದು ವೇದಿಕೆಯ ಹಿಂದಕ್ಕೆ ಸರಿದರು.

ಒಂದೆರಡು ನಿಮಿಷವಾಗಿರಬೇಕು, ಬಾಗಿಲ ಹತ್ತಿರ ಅಣ್ಣನ ಫೋನು ಹೊಡೆದುಕೊಂಡಿತು.

ಅವನು ಕಿವಿಗೆ ಹಿಡಿದ. ಅವನ ಮುಖ ನನಗೆ ದೂರದಿಂದಲೂ ಕಂಡಿತು. “ಅವ್ವಾ, ಸಾಕು ಬಾ!” ಎಂದು ಕೂಗಿದ. “ಮುಗೀತು, ಎಲ್ಲಾ ಮುಗೀತು!” ಕೂಗಿದ ದನಿಯಲ್ಲಿ ಅಳುವಿತ್ತು. ನನ್ನನ್ನು ಎತ್ತುವ ಕೈಗಳು ಎರಡೂ ಕೆಳಗೆ ಜೋತುಬಿದ್ದವು.

ನಾನು ಸಿದ್ಧ ಮಾಡಿಕೊಂಡು ಬಂದ ಮಾತು ಮುಗಿದಿತ್ತು. ಆದರೆ ಗಂಟಲಲ್ಲಿ ಇನ್ನೊಂದು ಮಾತು ಬಂದು ಕೂತಿತು. “ನಾನು ಬಾಯಿ ಬಿಟ್ಟರೆ ನನ್ನ ಅಣ್ಣನ ಕೆಲಸ ತೆಗೆಯುತ್ತೇವೆ ಎಂದು ಹೆದರಿಸಿದ್ದಾರೆ. ಈಗ ತೆಗೆದಿದ್ದಾರೆ. ಅವನು ಏನೂ ತಪ್ಪು ಮಾಡಿಲ್ಲ. ಅದನ್ನೂ ಕೇಳಿಸಿಕೊಳ್ಳಿ.” ಸಿಟ್ಟು, ಹೆದರಿಕೆ, ಎರಡೂ ಸೇರಿ ನಾಲಿಗೆ ನನ್ನ ಕೈ ತಪ್ಪಿತು. ಅರ್ಧ ಮಾತು ಬರೀ ಉಸಿರಾಯಿತು, ಇನ್ನರ್ಧ ಕೂಗಾಯಿತು. ಅಂಜಿನಪ್ಪಜ್ಜ ಕೂಡ ಕಿವಿಗೆ ಕೈ ಇಟ್ಟು ತಬ್ಬಿಬ್ಬಾದ.

ಅವ್ವನಿಗೆ ತಿಳಿಯಿತು. ತಿಳಿಯದೆ ಇರುತ್ತದೆಯೇ? ಅವಳು ಬಾಯಿ ತೆರೆದಳು. ಮಗನ ಮುಖ ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕುರ್ಚಿಯಲ್ಲಿ ಕುಸಿದಳು. ರೂಪಕ್ಕನಿಗೂ ತಿಳಿದಿತ್ತು ಎಂದು ಕಾಣುತ್ತದೆ. ಮೈಕನ್ನು ಅರ್ಧ ಎತ್ತಿ, ಬಾಗಿಲ ಕಡೆ ನೋಡಿ, ಕೆಳಗಿಳಿಸಿದಳು. ಮಂಟಪದಲ್ಲಿ ಎಲ್ಲರೂ ಕಾಯುತ್ತಿದ್ದರು. ನನ್ನ ಮಾತು ಯಾರ ಬಾಯಿಗೂ ಹೋಗದೆ ನನ್ನ ಎದುರಿಗೇ ಬಿದ್ದಿತ್ತು.

ಅಣ್ಣ ನಡುವಿನ ದಾರಿಯಲ್ಲಿ ದಡದಡ ಬಂದ. ನನ್ನನ್ನು ಎತ್ತಿಕೊಂಡು ಹೋಗುವುದಕ್ಕೇ ಬಂದಿದ್ದ. ಅದು ಅವನ ಕೈಗಳಲ್ಲೇ ಗೊತ್ತಾಗುತ್ತಿತ್ತು. ಒಂದು ಕೈ ನನ್ನ ಮೊಣಕಾಲ ಕೆಳಗೆ, ಒಂದು ಬೆನ್ನ ಹಿಂದೆ ಹಾಕಿದ. “ಹೂಂ, ಆತು ಬಿಂದು, ಆತು...” ಎಂದು ಶುರು ಮಾಡಿದ.

“ಅಣ್ಣಾ,” ಅಂದೆ.

ಅವನು ನಿಂತ. ನನ್ನ ಮುಖ ಅವನ ಮುಖದ ಹತ್ತಿರವೇ ಇತ್ತು. ನಾನು ಅಳುತ್ತಿದ್ದೆ, ಎಂಜಲು ಸುರಿಯುತ್ತಿತ್ತು, ನೋಡುವ ಹಾಗಿರಲಿಲ್ಲ. ಅವನು ಒಮ್ಮೆ ಅವ್ವನ ಕಡೆ, ಒಮ್ಮೆ ಆ ಕಾಯುತ್ತಿದ್ದ ಜನರ ಕಡೆ ನೋಡಿದ. ಆಮೇಲೆ ಕೈಗಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ನನ್ನ ಕುರ್ಚಿಯ ಮುಂದೆ ನೆಲದ ಮೇಲೆ ಕೂತ.

“ನಂಗೆ ಅರ್ಥ ಆಗ್ಲಿಲ್ಲ,” ಅಂದ. “ಮತ್ತೊಮ್ಮೆ ಹೇಳು.”

ರೂಪಕ್ಕ ಊರುಗೋಲು ಊರಿಕೊಂಡು ಬಂದು, ಬಗ್ಗಿ, ಮೈಕನ್ನು ಅವನ ಕೈಗೆ ಕೊಟ್ಟಳು. ಅವನ ಜೇಬಿನಲ್ಲಿ ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ನಾನು ಮೊದಲಿನಿಂದ ಶುರು ಮಾಡಿದೆ. ಮೊದಲ ಅಕ್ಷರಕ್ಕೇ ಬಹಳ ಹೊತ್ತು ಹಿಡಿಯಿತು. ಅಣ್ಣ ತಲೆಯಾಡಿಸಲಿಲ್ಲ.